ಅರವತ್ತು ಅಕ್ಷರಗಳಿಂದ ತಳಿವಿಜ್ಞಾನ ಕಲಿಯುವುದು ಹೇಗೆ

ಹಿಮೋಗ್ಲೋಬಿನ್ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ತಳಿವಿಜ್ಞಾನದ ಮೊದಲ ಪಾಠ ಹೇಳುವ ಹೊಣೆಯೂ ನನ್ನದೇ. ಅವರಲ್ಲಿ ಹೆಚ್ಚಿನವರು ಡಿಎನ್‌ಎ, ಜೀನ್, ವರ್ಣತಂತು, ಅಲೀಲ್ ಎಂಬ ಪದಗಳಿಗೆ ಒಪ್ಪವಾದ ವ್ಯಾಖ್ಯೆ ಬರೆಯಬಲ್ಲರು. ಆದರೆ ಡಿಎನ್‌ಎಯ ಒಂದೇ ಅಕ್ಷರ ಬದಲಾದರೆ ಒಂದು ಮಗುವಿನ ಕೈಕಾಲುಗಳು ನೋವಿನಿಂದ ಊದಿಕೊಳ್ಳುವುದೇಕೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಮೊದಲ ಮೆಟ್ಟಿಲು ಗೊತ್ತು, ಕೊನೆಯದೂ ಗೊತ್ತು, ನಡುವಿನವು ಕಾಣುವುದಿಲ್ಲ.

ಅದಕ್ಕೆ ನಾನು ಹಿಡಿದಿರುವ ದಾರಿ ಇದು: ಒಂದೇ ಒಂದು ಜೀನನ್ನು ಆರಿಸಿಕೊಳ್ಳಿ, ಅಕ್ಷರದಿಂದ ಕುಟುಂಬದವರೆಗೆ ಅದನ್ನು ಕೈಯಾರೆ ಬರೆಯುತ್ತಾ ಹಿಂಬಾಲಿಸಿ. ವ್ಯಾಖ್ಯೆಗಳು ದಾರಿಯಲ್ಲಿ ತಾವಾಗಿಯೇ ಸಿಗುತ್ತವೆ. ಮೆಂಡೆಲನ ಬಟಾಣಿ ಗಿಡಗಳಿಂದ ಆರಂಭಿಸುವ ವಾಡಿಕೆ ನನಗೆ ಒಪ್ಪಿಗೆಯಿಲ್ಲ. 1866ರಲ್ಲಿ ಪ್ರಕಟವಾದ ಆ ಕೆಲಸ ಅದ್ಭುತವಾದದ್ದು, ನಿಜ. ಆದರೆ 'ಉದ್ದ ಗಿಡ, ಗಿಡ್ಡ ಗಿಡ' ಎಂದು ಕಲಿತವರಿಗೆ ಜೀನ್ ಎಂದರೆ ಒಂದು ದೊಡ್ಡಕ್ಷರ ಮತ್ತು ಒಂದು ಸಣ್ಣಕ್ಷರವಾಗಿಯೇ ಉಳಿದುಬಿಡುತ್ತದೆ. ಆ ಅಕ್ಷರದ ಒಳಗೆ ಏನಿದೆ ಎಂದು ಅವರು ಕೇಳುವುದೇ ಇಲ್ಲ.

ಬೇಕಾಗುವ ಸಾಮಗ್ರಿ: ಚೌಕುಳಿ ಹಾಳೆ, ಪೆನ್ಸಿಲ್, ರಬ್ಬರ್, ಎರಡು ನಾಣ್ಯ ಮತ್ತು ಯಾವುದೇ ಜೀವಶಾಸ್ತ್ರ ಪುಸ್ತಕದಲ್ಲಿ ಸಿಗುವ ಕೋಡಾನ್ ಕೋಷ್ಟಕ (ಕೋಡಾನ್ ಎಂದರೆ ಒಟ್ಟಿಗೆ ಓದುವ ಮೂರಕ್ಷರದ ಗುಂಪು). ಕಂಪ್ಯೂಟರನ್ನು ಈಗಲೇ ತೆರೆಯಬೇಡಿ. ಅದು ಒಂದು ಕ್ಷಣದಲ್ಲಿ ಉತ್ತರ ಕೊಡುತ್ತದೆ, ನಿಮ್ಮ ಕೈಗೆ ಅಭ್ಯಾಸವಾಗುವುದಿಲ್ಲ.

ಬರೆಯಿರಿ

ನಮ್ಮ ಜೀನ್ ಬೀಟಾ ಗ್ಲೋಬಿನ್. ಮನುಷ್ಯನ 11ನೆಯ ವರ್ಣತಂತುವಿನಲ್ಲಿದೆ. ರಕ್ತಕ್ಕೆ ಕೆಂಪು ಕೊಡುವ, ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಪ್ರೋಟೀನ್ ಸರಪಳಿಗಳಿವೆ: ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿಯನ್ನು ಹೇಗೆ ಕಟ್ಟಬೇಕೆಂಬ ಆದೇಶದ ಮೊದಲ ಅರವತ್ತು ಅಕ್ಷರಗಳು ಇಲ್ಲಿವೆ. ಮೂರು ಮೂರಾಗಿ ಬಿಡಿಸಿದ್ದೇನೆ. ಜೀವಕೋಶದಲ್ಲಿ ಈ ಬಿಡುವುಗಳು ಇರುವುದಿಲ್ಲ.

ಎಟಿಜಿ ಜಿಟಿಜಿ ಸಿಎಟಿ ಸಿಟಿಜಿ ಎಸಿಟಿ ಸಿಸಿಟಿ ಜಿಎಜಿ ಜಿಎಜಿ ಎಎಜಿ ಟಿಸಿಟಿ

ಜಿಸಿಸಿ ಜಿಟಿಟಿ ಎಸಿಟಿ ಜಿಸಿಸಿ ಸಿಟಿಜಿ ಟಿಜಿಜಿ ಜಿಜಿಸಿ ಎಎಜಿ ಜಿಟಿಜಿ ಎಎಸಿ

ಒಂದು ಚೌಕಕ್ಕೆ ಒಂದೇ ಅಕ್ಷರ ಬರುವಂತೆ ಬರೆದುಕೊಳ್ಳಿ. ನಾಲ್ಕೇ ಅಕ್ಷರಗಳಿವೆ: ಅಡೆನಿನ್‌ಗೆ ಎ, ಥೈಮಿನ್‌ಗೆ ಟಿ, ಗ್ವಾನಿನ್‌ಗೆ ಜಿ, ಸೈಟೊಸಿನ್‌ಗೆ ಸಿ. ಮನುಷ್ಯನ ಒಂದು ಪ್ರತಿ ಜೀನೋಮಿನಲ್ಲಿ ಇಂತಹ ಅಕ್ಷರಗಳು ಸುಮಾರು 300 ಕೋಟಿ. ಪ್ರೋಟೀನ್ ಕಟ್ಟುವ ಜೀನ್‌ಗಳು ಸುಮಾರು 20,000. ಆ ರಾಶಿಯಿಂದ ನಾವು ಎತ್ತಿಕೊಂಡಿರುವುದು ಇಷ್ಟೇ ಇಷ್ಟು.

ಈಗ ಅದರ ಕೆಳಗಿನ ಸಾಲಿನಲ್ಲಿ ಜೋಡಿ ಎಳೆಯನ್ನು ಬರೆಯಿರಿ. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಸಾಲು ಟಿಎಸಿ ಸಿಎಸಿ ಜಿಟಿಎ ಜಿಎಸಿ ಎಂದು ಆರಂಭವಾಗುತ್ತದೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಜೋಡಿ ಸುರುಳಿಯ ರಚನೆಯನ್ನು ಪ್ರಕಟಿಸಿದಾಗ (ಅದರ ಹಿಂದೆ ರೋಸಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ಕಿರಣ ಚಿತ್ರಗಳ ಆಧಾರವಿತ್ತು) ಎಲ್ಲರ ಗಮನ ಸೆಳೆದದ್ದು ಈ ಜೋಡಿಯ ನಿಯಮವೇ. ಒಂದು ಎಳೆ ಕೈಯಲ್ಲಿದ್ದರೆ ಇನ್ನೊಂದನ್ನು ತಪ್ಪಿಲ್ಲದೆ ಬರೆಯಬಹುದು. ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಾಗುವುದು ಹೀಗೆಯೇ: ಎಳೆಗಳು ಬಿಡಿಸಿಕೊಳ್ಳುತ್ತವೆ, ಪ್ರತಿಯೊಂದರ ಎದುರೂ ಹೊಸ ಜೊತೆ ಕಟ್ಟಲ್ಪಡುತ್ತದೆ. ನೀವು ಈಗತಾನೇ ಪೆನ್ಸಿಲ್‌ನಿಂದ ಮಾಡಿದ ಕೆಲಸವನ್ನು ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಮಾಡುತ್ತದೆ.

ಎರಡೂ ಎಳೆಗಳ ತುದಿಗಳಿಗೆ ಗುರುತು ಹಾಕಲು ಮರೆಯಬೇಡಿ. ಮೇಲಿನ ಸಾಲಿನ ಎಡತುದಿಗೆ 5 ಪ್ರೈಮ್, ಬಲತುದಿಗೆ 3 ಪ್ರೈಮ್. ಕೆಳಗಿನ ಸಾಲಿಗೆ ಇದು ತಿರುವುಮುರುವು. ಹೊಸಬರು ಇದನ್ನು ಬಿಟ್ಟುಬಿಡುತ್ತಾರೆ, ಮುಂದೆ ಪಿಸಿಆರ್ (ಡಿಎನ್‌ಎ ತುಣುಕನ್ನು ಹಲವು ಪಟ್ಟು ನಕಲು ಮಾಡುವ ವಿಧಾನ) ಕಲಿಯುವಾಗ ಒದ್ದಾಡುತ್ತಾರೆ. ಡಿಎನ್‌ಎಗೆ ದಿಕ್ಕಿದೆ, ಅಕ್ಷರಗಳು ಅವೇ ಆಗಿದ್ದರೂ ಹಿಂದುಮುಂದಾಗಿ ಓದಿದರೆ ಬೇರೆಯೇ ಆದೇಶ.

ಮೂರನೆಯ ಸಾಲು ಸಂದೇಶವಾಹಕ ಆರ್‌ಎನ್‌ಎಯದು. ಕೆಳಗಿನ ಎಳೆಯನ್ನು ಅಚ್ಚಾಗಿ ಇಟ್ಟುಕೊಂಡು ಅದರ ಎದುರಿಗೆ ಬರೆಯಿರಿ; ಟಿ ಬರಬೇಕಾದಲ್ಲೆಲ್ಲ ಯುರಾಸಿಲ್‌ನ ಯು ಹಾಕಿ. ಎಯುಜಿ ಜಿಯುಜಿ ಸಿಎಯು ಎಂದು ಬರುತ್ತದೆ. ಮೊದಲ ಸಾಲಿನ ಹಾಗೆಯೇ ಇದೆ, ಟಿ ಜಾಗದಲ್ಲಿ ಯು ಇದೆ ಅಷ್ಟೇ. ಹಾಗಾದರೆ ಮಧ್ಯದ ಸಾಲು ಏಕೆ ಬೇಕು ಎಂದು ಕೇಳುತ್ತಾರೆ. ಕೋಶ ನಿಜವಾಗಿ ಓದುವುದು ಮಧ್ಯದ ಸಾಲನ್ನು, ಅದಕ್ಕೆ.

ಒಂದು ಮಾತು ಸೇರಿಸಬೇಕು. ಪೂರ್ತಿ ಬೀಟಾ ಗ್ಲೋಬಿನ್ ಜೀನ್ ಸುಮಾರು 1,600 ಅಕ್ಷರಗಳಷ್ಟು ಉದ್ದವಿದೆ. ಅದರಲ್ಲಿ ಪ್ರೋಟೀನಿಗೆ ಸಂಬಂಧಿಸಿದ ಅಕ್ಷರಗಳು 444 ಮಾತ್ರ, ಅವೂ ಎಕ್ಸಾನ್ ಎಂಬ ಮೂರು ತುಂಡುಗಳಲ್ಲಿ ಹಂಚಿಹೋಗಿವೆ. ನಡುವಿನ ಎರಡು ಇಂಟ್ರಾನ್‌ಗಳನ್ನು ಕೋಶಕೇಂದ್ರದಲ್ಲೇ ಕತ್ತರಿಸಿ ತೆಗೆದು, ಎಕ್ಸಾನ್‌ಗಳನ್ನು ಬೆಸೆದ ಮೇಲೆಯೇ ಆರ್‌ಎನ್‌ಎ ಹೊರಗೆ ಹೋಗುತ್ತದೆ. ನಮ್ಮ ಅರವತ್ತೂ ಮೊದಲ ಎಕ್ಸಾನಿನವು, ಆದ್ದರಿಂದ ಸದ್ಯಕ್ಕೆ ಕತ್ತರಿಯ ಕೆಲಸವಿಲ್ಲ.

ಓದಿ

ಕೋಡಾನ್ ಕೋಷ್ಟಕ ಮುಂದಿಟ್ಟುಕೊಂಡು ಮೂರನೆಯ ಸಾಲನ್ನು ಮೂರು ಮೂರು ಅಕ್ಷರಗಳಾಗಿ ಓದಿ. ಮೆಥಿಯೊನೈನ್, ವ್ಯಾಲೀನ್, ಹಿಸ್ಟಿಡೀನ್, ಲ್ಯೂಸೀನ್, ಥ್ರಿಯೊನೈನ್, ಪ್ರೋಲೀನ್, ಗ್ಲುಟಾಮಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ, ಲೈಸೀನ್, ಸೆರೀನ್. ಇವು ಅಮೈನೋ ಆಮ್ಲಗಳು, ಪ್ರೋಟೀನ್ ಸರಪಳಿಯ ಕೊಂಡಿಗಳು. ಮುಂದಿನ ಹತ್ತನ್ನು ನೀವೇ ಬರೆಯಿರಿ. ಕೊನೆಯದು ಆಸ್ಪರಜೀನ್ ಬಂದರೆ ಸರಿಯಾಗಿದೆ ಎಂದರ್ಥ. ಕೋಶದಲ್ಲಿ ಈ ಓದುವ ಕೆಲಸ ರೈಬೋಸೋಮಿನದು. ತಕ್ಕ ಅಮೈನೋ ಆಮ್ಲವನ್ನು ಹೊತ್ತು ತರುವುದು ವರ್ಗಾವಣೆ ಆರ್‌ಎನ್‌ಎ.

ಕೋಷ್ಟಕದಲ್ಲಿ 64 ಮನೆಗಳಿವೆ. 61ರಲ್ಲಿ ಅಮೈನೋ ಆಮ್ಲಗಳ ಹೆಸರುಗಳು, ಮೂರರಲ್ಲಿ ನಿಲುಗಡೆಯ ಸೂಚನೆ. ಅಮೈನೋ ಆಮ್ಲಗಳು ಇಪ್ಪತ್ತೇ ಆದ್ದರಿಂದ ಹಲವಕ್ಕೆ ಒಂದಕ್ಕಿಂತ ಹೆಚ್ಚು ಕೋಡಾನ್‌ಗಳಿವೆ. ದಯವಿಟ್ಟು ಇದನ್ನು ಬಾಯಿಪಾಠ ಮಾಡಬೇಡಿ. ಇದು ಹೇಗೆ ಸಿಕ್ಕಿತು ಎಂಬುದನ್ನು ತಿಳಿದುಕೊಳ್ಳಿ, ಅದು ಮರೆಯುವುದಿಲ್ಲ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ಬರೀ ಯು ಅಕ್ಷರಗಳ ಆರ್‌ಎನ್‌ಎಯನ್ನು ಕೋಶದ ರಸಕ್ಕೆ ಹಾಕಿ ನೋಡಿದರು. ಬರೀ ಫೀನೈಲ್‌ಅಲನೀನ್‌ನ ಸರಪಳಿ ಬಂತು. ಯುಯುಯು ಎಂದರೆ ಏನೆಂದು ತಿಳಿಯಿತು. ಹರಗೋಬಿಂದ ಖೊರಾನಾ ಅವರು ಇನ್ನೂ ಮುಂದೆ ಹೋಗಿ ಎರಡೆರಡು, ಮೂರು ಮೂರು ಅಕ್ಷರಗಳು ಪುನರಾವರ್ತನೆಯಾಗುವ ಎಳೆಗಳನ್ನು ರಾಸಾಯನಿಕವಾಗಿ ಕಟ್ಟಿದರು. ಅವರ ಒಂದು ಪ್ರಯೋಗವನ್ನು ನೀವೂ ಹಾಳೆಯ ಮೇಲೆ ಮಾಡಿ: ಯುಸಿಯುಸಿಯುಸಿಯುಸಿ ಎಂದು ಉದ್ದಕ್ಕೆ ಬರೆದು ಮೂರು ಮೂರಾಗಿ ಬಿಡಿಸಿ. ಯುಸಿಯು, ಸಿಯುಸಿ ಎಂಬ ಎರಡೇ ಕೋಡಾನ್‌ಗಳು ಒಂದಾದ ಮೇಲೊಂದು ಬರುತ್ತವೆ. ಸೆರೀನ್, ಲ್ಯೂಸೀನ್, ಸೆರೀನ್, ಲ್ಯೂಸೀನ್. ಎಲ್ಲಿಂದ ಓದಲು ಆರಂಭಿಸಿದರೂ ಅದೇ ಸರಪಳಿ. ಕೋಡಾನ್ ಎರಡಕ್ಷರದ್ದಾಗಿದ್ದರೆ ಏನು ಬರುತ್ತಿತ್ತು? ಇದನ್ನೂ ಬಿಡಿಸಿ ನೋಡಿ. ಕೋಡಾನಿನ ಅಕ್ಷರಗಳ ಸಂಖ್ಯೆ ಬೆಸವೇ ಆಗಿರಬೇಕೆಂದು ನಿಮ್ಮ ಹಾಳೆಯೇ ಹೇಳುತ್ತದೆ. ನಿರೆನ್‌ಬರ್ಗ್, ಖೊರಾನಾ ಮತ್ತು ವರ್ಗಾವಣೆ ಆರ್‌ಎನ್‌ಎಯ ರಚನೆ ಬಿಡಿಸಿದ ರಾಬರ್ಟ್ ಹಾಲಿ, ಈ ಮೂವರಿಗೂ 1968ರಲ್ಲಿ ನೊಬೆಲ್ ಬಂತು.

ಅಳಿಸಿ

ಈಗ ರಬ್ಬರ್ ಕೈಗೆ ತೆಗೆದುಕೊಳ್ಳಿ. ಇಡೀ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು, ಇಲ್ಲಿ ಅವಸರ ಮಾಡಬೇಡಿ. ಏಳನೆಯ ಕೋಡಾನ್ ಜಿಎಜಿ ಇದೆಯಲ್ಲ, ಅದರ ಮೇಲೆಯೇ ನಾಲ್ಕು ಪ್ರಯೋಗಗಳು. ಪ್ರತಿ ಬಾರಿಯೂ ಮೂಲ ಸಾಲನ್ನು ಹೊಸದಾಗಿ ಬರೆದುಕೊಂಡು ಆಮೇಲೆ ಒಂದು ಅಕ್ಷರವನ್ನು ಮುಟ್ಟಿ.

ಮೊದಲನೆಯದು: ಮೂರನೆಯ ಅಕ್ಷರವನ್ನು ಎ ಮಾಡಿ. ಜಿಎಎ ಆಯಿತು. ಕೋಷ್ಟಕ ನೋಡಿ, ಆಗಲೂ ಗ್ಲುಟಾಮಿಕ್ ಆಮ್ಲವೇ. ಡಿಎನ್‌ಎ ಬದಲಾಗಿದೆ, ಪ್ರೋಟೀನ್ ಬದಲಾಗಿಲ್ಲ. ಉತ್ಪರಿವರ್ತನೆ ಎಂದ ಕೂಡಲೇ ಹೆದರುವವರಿಗೆ ಮೊದಲು ಇದನ್ನು ತೋರಿಸಬೇಕು.

ಎರಡನೆಯದು: ನಡುವಿನ ಎ ಅಳಿಸಿ ಟಿ ಬರೆಯಿರಿ. ಜಿಟಿಜಿ. ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಬಂತು. ಇದೇ ಸಿಕಲ್ ಸೆಲ್ ಕಾಯಿಲೆಯ ಮೂಲ. ಹಿಮೋಗ್ಲೋಬಿನ್ ಎಸ್ ಎಂದು ಕರೆಯುವುದು ಈ ಬದಲಾವಣೆಯಿರುವುದನ್ನು.

ಮೂರನೆಯದು: ಮೊದಲಕ್ಷರ ಜಿ ತೆಗೆದು ಎ ಮಾಡಿ. ಎಎಜಿ, ಅಂದರೆ ಲೈಸೀನ್. ಇದು ಹಿಮೋಗ್ಲೋಬಿನ್ ಸಿ. ಅದೇ ಕೋಡಾನ್, ಪಕ್ಕದ ಅಕ್ಷರ, ಬೇರೆ ಫಲ. ಎರಡು ಪ್ರತಿಯೂ ಸಿ ಆಗಿರುವವರಿಗೆ ಸಾಮಾನ್ಯವಾಗಿ ಸೌಮ್ಯವಾದ ರಕ್ತಹೀನತೆ ಮಾತ್ರ ಇರುತ್ತದೆ.

ನಾಲ್ಕನೆಯದು: ನಡುವಿನ ಎ ಅಳಿಸಿ, ಅಲ್ಲಿ ಏನೂ ಬರೆಯದೆ, ಉಳಿದ ಅಕ್ಷರಗಳನ್ನೆಲ್ಲ ಒಂದೊಂದು ಚೌಕ ಎಡಕ್ಕೆ ಸರಿಸಿ. ಮತ್ತೆ ಮೂರು ಮೂರಾಗಿ ಬಿಡಿಸಿ. ಮೊದಲ ಆರು ಕೋಡಾನ್‌ಗಳು ಹಾಗೆಯೇ ಇವೆ. ಅಲ್ಲಿಂದಾಚೆಗೆ ಜಿಜಿಜಿ ಎಜಿಎ ಎಜಿಟಿ ಸಿಟಿಜಿ ಎಂದು ಬೇರೆಯೇ ಕೋಡಾನ್‌ಗಳು ಬರುತ್ತವೆ. ಹೀಗೆ ಹನ್ನೆರಡು ತಪ್ಪು ಅಮೈನೋ ಆಮ್ಲಗಳಾದ ಮೇಲೆ ಟಿಜಿಎ ಎದುರಾಗುತ್ತದೆ. ಅದು ನಿಲುಗಡೆ. 147 ಅಮೈನೋ ಆಮ್ಲಗಳ ಸರಪಳಿಯಾಗಬೇಕಿದ್ದದ್ದು ಹದಿನೆಂಟಕ್ಕೇ ಮುಗಿದುಹೋಯಿತು. ಇದು ಕೇವಲ ಹಾಳೆಯ ಮೇಲಿನ ಕಲ್ಪನೆಯಲ್ಲ. ಇದೇ ಒಂದು ಅಕ್ಷರ ಕಳೆದುಹೋಗಿ ಬೀಟಾ ಥಲಸ್ಸೀಮಿಯಾ (ಬೀಟಾ ಸರಪಳಿ ಸಾಕಷ್ಟು ತಯಾರಾಗದ ರಕ್ತದ ಕಾಯಿಲೆ) ಬಂದಿರುವ ಕುಟುಂಬಗಳಿವೆ, ವಿಶೇಷವಾಗಿ ಮೆಡಿಟರೇನಿಯನ್ ಪ್ರದೇಶದ ಮೂಲದವರಲ್ಲಿ. ಆ ಟಿಜಿಎಯನ್ನು ತಮ್ಮದೇ ಪೆನ್ಸಿಲ್‌ನಿಂದ ತಲುಪಿದವರಿಗೆ ಓದುವ ಚೌಕಟ್ಟು ಎಂದರೇನು ಎಂದು ಮತ್ತೆ ವಿವರಿಸಬೇಕಾಗಿಲ್ಲ.

ಎಣಿಕೆಯ ಬಗ್ಗೆ ಒಂದು ಎಚ್ಚರಿಕೆ. ನಾನು ಏಳನೆಯ ಕೋಡಾನ್ ಎಂದೆ. ಹಳೆಯ ಪುಸ್ತಕಗಳು ಇದನ್ನೇ ಆರನೆಯ ಸ್ಥಾನ ಎನ್ನುತ್ತವೆ. ಸರಪಳಿಯ ಮೊದಲ ಮೆಥಿಯೊನೈನ್ ಆಮೇಲೆ ಕತ್ತರಿಸಿಹೋಗುವುದರಿಂದ ಅವು ವ್ಯಾಲೀನ್‌ನಿಂದ ಎಣಿಸುತ್ತವೆ. ಈಗಿನ ವರದಿಗಳಲ್ಲಿ ಎರಡೂ ಕಾಣಿಸುತ್ತವೆ, ಎರಡೂ ಒಂದೇ ಜಾಗ.

ಅಕ್ಷರದಿಂದ ದೇಹಕ್ಕೆ

ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಾವೇಶವಿದೆ, ನೀರನ್ನು ಮೆಚ್ಚುತ್ತದೆ. ವ್ಯಾಲೀನ್‌ಗೆ ಆವೇಶವಿಲ್ಲ, ಅದು ನೀರಿನಿಂದ ದೂರ ಸರಿಯುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಅದರ ಆಕಾರ ಸ್ವಲ್ಪ ಬದಲಾಗಿ, ನೀರೊಲ್ಲದ ಒಂದು ಕುಳಿ ಹೊರಮೈಯಲ್ಲಿ ತೆರೆದುಕೊಳ್ಳುತ್ತದೆ. ಒಂದು ಅಣುವಿನ ವ್ಯಾಲೀನ್ ಪಕ್ಕದ ಅಣುವಿನ ಆ ಕುಳಿಯಲ್ಲಿ ಹೋಗಿ ಕೂರುತ್ತದೆ. ಅದಕ್ಕೆ ಇನ್ನೊಂದು, ಮತ್ತೊಂದು. ಉದ್ದನೆಯ ನಾರುಗಳು ಬೆಳೆದು ದುಂಡಗಿನ ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುತ್ತವೆ. ಪೆಡಸಾದ ಆ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಬೇಗನೆ ಒಡೆಯುತ್ತವೆ. ಮಗುವಿನ ಕೈಕಾಲು ಊದುವುದು, ತಡೆಯಲಾರದ ನೋವು, ರಕ್ತಹೀನತೆ ಎಲ್ಲಕ್ಕೂ ಕಾರಣ ಇಲ್ಲಿದೆ. ಆರಂಭದ ಪ್ರಶ್ನೆಗೆ ಬೇಕಿದ್ದ ನಡುವಿನ ಮೆಟ್ಟಿಲುಗಳು ಇವೇ.

ಆವೇಶದ ಲೆಕ್ಕವನ್ನೂ ಮಾಡಿಬಿಡಿ. ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ಎರಡು ಬೀಟಾ ಸರಪಳಿಗಳು. ಎಸ್‌ನಲ್ಲಿ ಪ್ರತಿ ಸರಪಳಿಗೂ ಒಂದು ಋಣಾವೇಶ ಕಡಿಮೆ, ಒಟ್ಟು ಎರಡು. ಸಿಯಲ್ಲಿ ಋಣಾವೇಶ ಹೋಗಿ ಲೈಸೀನ್‌ನ ಧನಾವೇಶ ಬಂದಿದೆ. ಪ್ರತಿ ಸರಪಳಿಗೆ ಎರಡರ ವ್ಯತ್ಯಾಸ, ಒಟ್ಟು ನಾಲ್ಕು. ಕ್ಷಾರೀಯ ದ್ರಾವಣದಲ್ಲಿ ವಿದ್ಯುತ್ ಹರಿಸಿದರೆ ಹಿಮೋಗ್ಲೋಬಿನ್ ಧನ ವಿದ್ಯುದ್ವಾರದತ್ತ ಓಡುತ್ತದೆ. ಹೆಚ್ಚು ಋಣಾವೇಶವಿರುವ ಸಾಮಾನ್ಯ ಹಿಮೋಗ್ಲೋಬಿನ್ ಎ ಮುಂದೆ, ಎಸ್ ಅದರ ಹಿಂದೆ, ಸಿ ಇನ್ನೂ ಹಿಂದೆ. ಎಲೆಕ್ಟ್ರೋಫೊರೆಸಿಸ್ ಪಟ್ಟಿಯಲ್ಲಿ ನಾನು ದಿನವೂ ನೋಡುವ ಗೆರೆಗಳ ಕ್ರಮ ಇದೇ. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಈ ಓಟದ ವ್ಯತ್ಯಾಸವನ್ನು ಕಂಡೇ ಇದು ಅಣುವಿನ ಕಾಯಿಲೆ ಎಂದು ಸಾರಿದರು. ಆ ವ್ಯತ್ಯಾಸ ಒಂದೇ ಅಮೈನೋ ಆಮ್ಲದ್ದು ಎಂದು ವರ್ನನ್ ಇಂಗ್ರಾಮ್ 1957ರಲ್ಲಿ ತೋರಿಸಿದರು. ಆಗ ಕೋಡಾನ್ ಕೋಷ್ಟಕ ಇನ್ನೂ ಹುಟ್ಟಿರಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ನಾಣ್ಯಗಳು

ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿಗಳಿವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಎ, ಒಂದು ಎಸ್ ಇರುವವರು ವಾಹಕರು; ಅವರಿಗೆ ಸಾಮಾನ್ಯವಾಗಿ ಕಾಯಿಲೆಯ ಲಕ್ಷಣಗಳು ಇರುವುದಿಲ್ಲ. ತಂದೆ ತಾಯಿ ಇಬ್ಬರೂ ವಾಹಕರಾದರೆ? ಎರಡು ನಾಣ್ಯಗಳ ಒಂದು ಮುಖಕ್ಕೆ ಎ, ಇನ್ನೊಂದಕ್ಕೆ ಎಸ್ ಎಂದು ಹೆಸರಿಟ್ಟು ಒಟ್ಟಿಗೆ ಚಿಮ್ಮಿ, ಬಂದದ್ದನ್ನು ಬರೆಯುತ್ತಾ ಹೋಗಿ. ಸಾಕಷ್ಟು ಬಾರಿ ಚಿಮ್ಮಿದರೆ ನಾಲ್ಕರಲ್ಲಿ ಒಂದು ಪಾಲು ಎಎ, ಎರಡು ಪಾಲು ಎಎಸ್, ಒಂದು ಪಾಲು ಎಸ್ಎಸ್ ಹತ್ತಿರಕ್ಕೆ ಬರುತ್ತದೆ. ಮೆಂಡೆಲ್ ಈಗ ಬಂದ, ಸರಿಯಾದ ಹೊತ್ತಿಗೆ.

ಮೊದಲ ಮಗುವಿಗೆ ಕಾಯಿಲೆ ಬಂದಿದ್ದರೆ ಮುಂದಿನ ಮೂವರು ಸುರಕ್ಷಿತ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು, ಕುಟುಂಬಗಳಿಗೆ ಅಪಾಯಕಾರಿಯಾದ ತಪ್ಪು. ನಾಣ್ಯಕ್ಕೆ ಹಿಂದಿನ ಫಲ ನೆನಪಿರುವುದಿಲ್ಲ. ಪ್ರತಿ ಗರ್ಭಧಾರಣೆಯಲ್ಲೂ ಸಂಭವ ನಾಲ್ಕರಲ್ಲಿ ಒಂದೇ. ಮೂರು ಮಕ್ಕಳಾದರೆ ಕನಿಷ್ಠ ಒಂದಕ್ಕಾದರೂ ಕಾಯಿಲೆ ಬರುವ ಸಂಭವ 64ರಲ್ಲಿ 37, ಅರ್ಧಕ್ಕಿಂತ ಹೆಚ್ಚು. ಯಾರಿಗೂ ಬಾರದಿರುವ ಸಂಭವವನ್ನು (ಮುಕ್ಕಾಲು, ಮೂರು ಸಲ ಗುಣಿಸಿ) ಒಂದರಿಂದ ಕಳೆದರೆ ಇದು ಸಿಗುತ್ತದೆ.

ಇನ್ನೊಂದು ಲೆಕ್ಕ. ತಂಗಿಗೆ ಕಾಯಿಲೆ ಇದೆ, ಅಣ್ಣ ಆರೋಗ್ಯವಾಗಿದ್ದಾನೆ. ಅವನು ವಾಹಕನಾಗಿರುವ ಸಂಭವವೆಷ್ಟು? ಅರ್ಧ ಎಂದು ಬಾಯಿಗೆ ಬರುತ್ತದೆ. ನಾಲ್ಕು ಮನೆಗಳನ್ನು ಬರೆದು ನೋಡಿ. ಅವನಿಗೆ ಕಾಯಿಲೆ ಇಲ್ಲವೆಂದು ಗೊತ್ತಿರುವುದರಿಂದ ಎಸ್ಎಸ್ ಮನೆಯನ್ನು ಹೊಡೆದುಹಾಕಿ. ಉಳಿದ ಮೂರರಲ್ಲಿ ಎರಡು ವಾಹಕರವು. ಉತ್ತರ ಮೂರನೇ ಎರಡು. ನಿಜವಾದ ಕುಟುಂಬವಾದರೆ ಇಲ್ಲಿಗೇ ನಿಲ್ಲದೆ ರಕ್ತಪರೀಕ್ಷೆ ಮಾಡಿಸಬೇಕು. ಆಗ ಸಂಭವದ ಮಾತು ಹೋಗಿ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗುತ್ತದೆ.

ಒಂದೇ ಜೀನಿನ ಬೇರೆ ಬೇರೆ ರೂಪಗಳಿಗೆ ಅಲೀಲ್ ಎನ್ನುತ್ತಾರೆ. ಎಸ್ ದುರ್ಬಲ ಅಲೀಲೇ? ಕಾಯಿಲೆಯನ್ನು ನೋಡಿದರೆ ಹೌದು, ಎರಡು ಪ್ರತಿ ಬೇಕು. ಆದರೆ ವಾಹಕರ ರಕ್ತವನ್ನು ಎಲೆಕ್ಟ್ರೋಫೊರೆಸಿಸ್‌ಗೆ ಹಾಕಿದರೆ ಎ ಗೆರೆಯೂ ಎಸ್ ಗೆರೆಯೂ ಎದ್ದು ಕಾಣುತ್ತವೆ; ಯಾವುದೂ ಇನ್ನೊಂದನ್ನು ಅಡಗಿಸಿಲ್ಲ. ಪ್ರಬಲ, ದುರ್ಬಲ ಎಂಬುದು ಜೀನಿನ ಹುಟ್ಟುಗುಣವಲ್ಲ, ನಾವು ಯಾವ ಹಂತದಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ನಿಂತ ಮಾತು. ಮತ್ತೊಂದು ಹಂತವೂ ಇದೆ: ವಾಹಕರಿಗೆ ತೀವ್ರ ಮಲೇರಿಯಾದಿಂದ ಗಣನೀಯ ರಕ್ಷಣೆ ಸಿಗುತ್ತದೆ ಎಂದು ಆಂಥನಿ ಆಲಿಸನ್ 1954ರಲ್ಲಿ ತೋರಿಸಿದರು. ಮಲೇರಿಯಾ ಹೆಚ್ಚಿದ್ದ ನಾಡುಗಳಲ್ಲಿ ಈ ಅಲೀಲ್ ಅಳಿಯದೆ ಉಳಿದದ್ದು ಅದಕ್ಕೇ.

ಈ ಜೀನ್ ನಿಮ್ಮ ಚರ್ಮದ ಕೋಶದಲ್ಲೂ ಇದೆ, ನರಕೋಶದಲ್ಲೂ ಇದೆ. ಆದರೆ ಕೆಲಸ ಮಾಡುವುದು ಕೆಂಪು ಕಣಗಳಾಗಲಿರುವ ಮಜ್ಜೆಯ ಕೋಶಗಳಲ್ಲಿ. ಗರ್ಭದಲ್ಲಿರುವಾಗ ಬೀಟಾ ಬದಲು ಹೆಚ್ಚಾಗಿ ಗಾಮಾ ಸರಪಳಿ ತಯಾರಾಗುತ್ತದೆ. ಹಾಗಾಗಿಯೇ ಎಸ್ಎಸ್ ಮಗು ಹುಟ್ಟಿದ ಮೊದಲ ಕೆಲವು ತಿಂಗಳು ಆರಾಮವಾಗಿರುತ್ತದೆ. ಹುಟ್ಟಿದ ಮೇಲೆ ಗಾಮಾ ಜೀನನ್ನು ಅದುಮುವುದರಲ್ಲಿ ಬಿಸಿಎಲ್11ಎ ಎಂಬ ಪ್ರೋಟೀನ್ ಮುಖ್ಯ. 2023ರಲ್ಲಿ ಒಪ್ಪಿಗೆ ಪಡೆದ ಕ್ರಿಸ್ಪರ್ (ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ತಂತ್ರ) ಚಿಕಿತ್ಸೆ ಕೆಟ್ಟ ಅಕ್ಷರವನ್ನು ತಿದ್ದುವುದಿಲ್ಲ. ರಕ್ತ ಹುಟ್ಟಿಸುವ ಕೋಶಗಳಲ್ಲಿ ಬಿಸಿಎಲ್11ಎಯನ್ನು ತಗ್ಗಿಸಿ, ಮಲಗಿದ್ದ ಗಾಮಾವನ್ನು ಎಬ್ಬಿಸುತ್ತದೆ.

ಕತ್ತರಿಸುವ ಕಿಣ್ವ

ಕೊನೆಯ ಅಭ್ಯಾಸಕ್ಕೆ ನಿಮ್ಮ ಐದೂ ಸಾಲುಗಳು ಬೇಕು: ಮೂಲ, ಮತ್ತು ನಾಲ್ಕು ತಿದ್ದುಪಡಿಗಳು. ಎಂಎಸ್‌ಟಿ-2 ಎಂಬ ಕಿಣ್ವ ಡಿಎನ್‌ಎಯಲ್ಲಿ ಸಿಸಿಟಿ, ಆಮೇಲೆ ಯಾವುದಾದರೂ ಒಂದು ಅಕ್ಷರ, ಆಮೇಲೆ ಎಜಿಜಿ ಕಂಡಲ್ಲಿ ಮಾತ್ರ ಕತ್ತರಿಸುತ್ತದೆ. 1982ರಲ್ಲಿ ಸಿಕಲ್ ಸೆಲ್ ಪತ್ತೆಗೆ ಇದನ್ನು ಬಳಸುವ ವಿಧಾನ ಬಂತು. ಇದಕ್ಕೆ ಬೇಕಾದ ಡಿಎನ್‌ಎಯನ್ನು ರಕ್ತದಿಂದ ತೆಗೆಯಬಹುದು, ಆದರೆ ಬಿಳಿ ಕಣಗಳಿಂದ. ಬೆಳೆದ ಕೆಂಪು ಕಣಗಳಲ್ಲಿ ಕೋಶಕೇಂದ್ರವೇ ಇಲ್ಲ.

ಮೂಲ ಸಾಲಿನಲ್ಲಿ ಹುಡುಕಿ: ಸಿಸಿಟಿ ಜಿ ಎಜಿಜಿ. ಸಿಕ್ಕಿತು, ಕತ್ತರಿಸುತ್ತದೆ. ನಮ್ಮ ಅರವತ್ತರ ಆಚೀಚೆಗೂ ಕಿಣ್ವ ಕತ್ತರಿಸುವ ಜಾಗಗಳಿರುವುದರಿಂದ 1,150 ಮತ್ತು 200 ಅಕ್ಷರಗಳ ತುಂಡುಗಳು ಬರುತ್ತವೆ. ಎಸ್ ಸಾಲಿನಲ್ಲಿ ಸಿಸಿಟಿಜಿಟಿಜಿಜಿ ಇದೆ, ಕತ್ತರಿಸುವುದಿಲ್ಲ. 1,350ರ ಒಂದೇ ತುಂಡು ಉಳಿಯುತ್ತದೆ. ವಾಹಕರಲ್ಲಿ ಮೂರೂ ಕಾಣುತ್ತವೆ.

ಈಗ ಉಳಿದ ಮೂರನ್ನು ನೋಡಿ. ಸಿ ಸಾಲಿನಲ್ಲಿ ಸಿಸಿಟಿಎಎಜಿಜಿ ಇದೆ: ನಡುವೆ ಯಾವ ಅಕ್ಷರವಾದರೂ ಸರಿ ಎಂದಾದ್ದರಿಂದ ಕಿಣ್ವ ಇಲ್ಲೂ ಕತ್ತರಿಸುತ್ತದೆ, ಫಲಿತಾಂಶ ಸಾಮಾನ್ಯ ಎಂದೇ ತೋರುತ್ತದೆ. ಜಿಎಎ ಮಾಡಿದ ನಿರುಪದ್ರವಿ ಸಾಲಿನಲ್ಲಿ ಸಿಸಿಟಿಜಿಎಎಜಿ ಆಗಿ ಜಾಗ ಅಳಿಸಿಹೋಗಿದೆ. ಅದು ಎಸ್‌ನಂತೆಯೇ ಕಾಣುತ್ತದೆ. ಅಕ್ಷರ ಕಳೆದುಕೊಂಡ ಸಾಲಿನಲ್ಲಿ ಸಿಸಿಟಿಜಿಜಿಜಿಎ, ಅಲ್ಲೂ ಕತ್ತರಿಸುವುದಿಲ್ಲ. ಹಾಗಾದರೆ ಕತ್ತರಿಸದೆ ಉಳಿದ ತುಂಡು ಈ ಮೂರರಲ್ಲಿ ಯಾವುದೆಂದು ಹೇಳುವುದು ಹೇಗೆ, ಕತ್ತರಿಸಿಹೋದದ್ದು ಎ ಅಥವಾ ಸಿ ಎಂದು ತಿಳಿಯುವುದು ಹೇಗೆ? ಆವೇಶದ ಲೆಕ್ಕ ಬರೆದ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಐದು ಸಾಲುಗಳ ಎದುರಿಗೂ ಎರಡು ಕಾಲಂ ಹಾಕಿ, ಒಂದರಲ್ಲಿ ಕಿಣ್ವದ ಫಲ, ಇನ್ನೊಂದರಲ್ಲಿ ಎಲೆಕ್ಟ್ರೋಫೊರೆಸಿಸ್ ಗೆರೆಯ ಸ್ಥಾನ ಬರೆಯಿರಿ. ಅಕ್ಷರ ಕಳೆದ ಸಾಲಿಗೆ ಬೀಟಾ ಸರಪಳಿಯೇ ಆಗದ ಕಾರಣ ಅದರ ಗೆರೆಯೇ ಇರುವುದಿಲ್ಲ. ಒಂದೊಂದೇ ಪರೀಕ್ಷೆ ಬೆರೆಸಿಬಿಡುವ ಸಾಲುಗಳನ್ನು ಎರಡೂ ಕಾಲಂಗಳು ಸೇರಿ ಬೇರ್ಪಡಿಸುತ್ತವೆ.